ಹಾರ್ನಿನ ಮುಂದೆ ಎಂಟು ಬಾರ್

ಗೋಲ್ಡನ್ ಗೇಟ್ ಆರ್ಕೆಸ್ಟ್ರಾ. ಯೂನಿವರ್ಸಿಟಿ ಸಿಕ್ಸ್. ವಾರ್ಸಿಟಿ ಏಯ್ಟ್. ಗೂಫಸ್ ಫೈವ್. ಲಿಟಲ್ ರ‍್ಯಾಂಬ್ಲರ್ಸ್. ಫೈವ್ ಬರ್ಮಿಂಗ್‌ಹ್ಯಾಮ್ ಬೇಬೀಸ್. 1920ರ ದಶಕದ ಅಮೆರಿಕದ ಗ್ರಾಮಫೋನ್ ಪ್ಲೇಟುಗಳ ಮೇಲೆ ಈ ಆರು ಹೆಸರುಗಳು ಆರು ತಂಡಗಳೆಂಬಂತೆ ಅಚ್ಚಾಗಿವೆ. ಹಿಂದೆ ಇದ್ದದ್ದು ಒಂದೇ ತಂಡ, ಅಥವಾ ಅದೇ ತಂಡದಿಂದ ಆರಿಸಿ ತೆಗೆದ ಐದಾರು ಮಂದಿ. ಊರಿಗೆಲ್ಲ ಗೊತ್ತಿದ್ದ ಅವರ ಹೆಸರು ಕ್ಯಾಲಿಫೋರ್ನಿಯಾ ರ‍್ಯಾಂಬ್ಲರ್ಸ್. ಅದನ್ನೂ ಪೂರ್ತಿ ನಂಬುವ ಹಾಗಿಲ್ಲ, ಯಾಕೆಂದರೆ ಅವರ ಅನ್ನ ಇದ್ದದ್ದು ನ್ಯೂಯಾರ್ಕಿನಲ್ಲಿ. ಎಡ್ ಕರ್ಕ್‌ಬಿ ಎಂಬ ಚುರುಕಾದ ಮ್ಯಾನೇಜರ್ ಅವರನ್ನು ಒಂದು ರೆಕಾರ್ಡ್ ಕಂಪನಿಯಿಂದ ಇನ್ನೊಂದಕ್ಕೆ ಕರೆದೊಯ್ಯುತ್ತಿದ್ದ. ಕಂಪನಿ ಬದಲಾದಂತೆ ಹೆಸರೂ ಬದಲಾಗುತ್ತಿತ್ತು.

ಜಾಝ್ ಚರಿತ್ರೆ ಹೇಳುವವರು ಈ ಸ್ಟುಡಿಯೋ ಡಾನ್ಸ್ ಬ್ಯಾಂಡುಗಳ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಿಂಗ್ ಆಲಿವರ್, ಆರ್ಮ್‌ಸ್ಟ್ರಾಂಗ್, ಜೆಲ್ಲಿ ರೋಲ್ ಮಾರ್ಟನ್, ಬಿಕ್ಸ್ ಬೈಡರ್‌ಬೆಕ್ ಎಂದು ಶಿಖರದಿಂದ ಶಿಖರಕ್ಕೆ ಹೋಗುತ್ತಾರೆ. ನಡುವೆ ಇರುವುದು ಫಾಕ್ಸ್ ಟ್ರಾಟ್ ಎಂಬ ಜೋಡಿ ಕುಣಿತದ ಸಾವಿರಾರು ಪ್ಲೇಟುಗಳು. ಆ ವಾರದ ಹೊಸ ಹಾಡು, ಪ್ರಕಾಶಕರು ಅಚ್ಚುಮಾಡಿ ಕಳಿಸಿದ ಸಿದ್ಧ ಸಂಯೋಜನೆ, ನಡುವೆ ಹೆಸರಿಲ್ಲದ ಗಾಯಕನೊಬ್ಬನ ಒಂದು ಚರಣ, ಮೂರು ನಿಮಿಷಕ್ಕೆ ಮುಕ್ತಾಯ. ಕುಣಿಯುವವರಿಗಾಗಿ, ಕೂಲಿಗಾಗಿ, ಅವಸರದಲ್ಲಿ ಮಾಡಿದ ಕೆಲಸ. ನಾನು ಕೆಲವು ಕಾಲದಿಂದ ಕೇಳುತ್ತಿರುವುದು ಹೆಚ್ಚಾಗಿ ಇವನ್ನೇ. ಎರಡು ನಿಮಿಷ ಹೇಳಿದಂತೆ ಕೇಳಿ ನುಡಿಸಿದ ತಂಡದೊಳಗಿಂದ ಒಬ್ಬ ಎದ್ದು ಎಂಟು ಬಾರ್ ತನ್ನದೇ ದಾರಿ ಹಿಡಿಯುತ್ತಾನೆ. ಬಾರ್ ಎಂದರೆ ತಾಳದ ಒಂದು ಸುತ್ತು; ಎಂಟು ಬಾರ್ ಎಂದರೆ ಹತ್ತು ಹನ್ನೆರಡು ಸೆಕೆಂಡು. ಮತ್ತೆ ಎಲ್ಲರೂ ಕಾಗದಕ್ಕೆ ಮರಳುತ್ತಾರೆ. ಪ್ಲೇಟಿನ ಮೇಲೆ ಆತನ ಹೆಸರಿಲ್ಲ. ಆ ಎಂಟು ಬಾರೇ ಆತನ ಸಹಿ. ಈ ಮಾತು ನನಗೆ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿದೆ.

ಆ ಸಹಿಯನ್ನು ಓದಬೇಕಾದರೆ ಅವರು ನಿಂತಿದ್ದ ಕೋಣೆ ಹೇಗಿತ್ತೆಂದು ಮೊದಲು ತಿಳಿಯಬೇಕು.

1925ಕ್ಕೆ ಮುಂಚೆ ಮೈಕ್ ಇರಲಿಲ್ಲ. ಗೋಡೆಯಿಂದ ಅಥವಾ ಪರದೆಯ ಹಿಂದಿನಿಂದ ದೊಡ್ಡದೊಂದು ಹಾರ್ನ್ ಕೋಣೆಯೊಳಕ್ಕೆ ಬಾಯಿ ತೆರೆದುಕೊಂಡಿರುತ್ತಿತ್ತು. ಅದರ ಕಿರಿದಾದ ತುದಿಯಲ್ಲಿ ತೆಳ್ಳನೆಯ ಪೊರೆ, ಪೊರೆಗೆ ಅಂಟಿದ ಕೊರೆಯುವ ಮುಳ್ಳು, ಮುಳ್ಳಿನ ಕೆಳಗೆ ತಿರುಗುವ ದಪ್ಪ ಮೇಣದ ಬಿಲ್ಲೆ. ಮೇಣ ಗಡುಸಾಗದಂತೆ ಬಿಲ್ಲೆಗಳನ್ನು ಬೆಚ್ಚಗಿನ ಕಪಾಟಿನಲ್ಲಿಟ್ಟು, ಬೇಕಾದಾಗ ಒಂದೊಂದೇ ತೆಗೆಯುತ್ತಿದ್ದರು. ಬಿಲ್ಲೆಯನ್ನು ತಿರುಗಿಸುತ್ತಿದ್ದುದು ಎಷ್ಟೋ ಕಡೆ ಮೇಲಿಂದ ನಿಧಾನವಾಗಿ ಇಳಿಯುವ ಭಾರವಾದ ತೂಕದ ಕಲ್ಲು. ವೇಗ ಏರುಪೇರಾಗದಿರಲು ಅದೇ ವಾಸಿ. ವಿದ್ಯುತ್ತಿನ ಸಹಾಯ ಎಲ್ಲೂ ಇಲ್ಲ. ಕೊರೆಯುವ ಶಕ್ತಿಯೆಲ್ಲ ಊದುವವರ ಉಸಿರಿನಿಂದ, ಹೊಡೆಯುವವರ ಕೈಯಿಂದಲೇ ಬರಬೇಕು.

ಹೀಗಾಗಿ ಇಂದು ನಾವು ಗುಂಡಿ ತಿರುಗಿಸಿ ಮಾಡುವ ಕೆಲಸವನ್ನು ಅವರು ಕಾಲಿನಲ್ಲಿ ಮಾಡಬೇಕಾಗಿತ್ತು. ಮೆಲ್ಲಗಿನ ವಾದ್ಯ ಹಾರ್ನಿಗೆ ಹತ್ತಿರ, ಜೋರಿನದು ದೂರ. ಸೋಲೋ ಬಂದಾಗ ಮುಂದೆ ಬರಬೇಕು, ಮುಗಿದೊಡನೆ ಪಕ್ಕಕ್ಕೆ ಸರಿಯಬೇಕು, ಅದೂ ಸದ್ದಿಲ್ಲದೆ. ಪಿಟೀಲಿನ ದನಿ ಸಾಲುವುದಿಲ್ಲವೆಂದು ಅದರ ಮರದ ಒಡಲನ್ನೇ ತೆಗೆದು ಲೋಹದ ಕಹಳೆ ಜೋಡಿಸಿದ ಸ್ಟ್ರೋ ಪಿಟೀಲು ಬಳಕೆಗೆ ಬಂತು. ಗಿಟಾರಿನ ಬದಲು ಚುರುಕು ದನಿಯ ಬ್ಯಾಂಜೋ, ಪಿಟೀಲಿನ ಜಾತಿಯ ದೊಡ್ಡ ಮಂದ್ರವಾದ್ಯವಾದ ತಂತಿಯ ಬಾಸ್‌ನ ಬದಲು ಊದುವ ಟ್ಯೂಬಾ ಅಥವಾ ಬಾಸ್ ಸ್ಯಾಕ್ಸೊಫೋನ್. ಬಾಸ್ ಡ್ರಮ್ಮಿನ ಒಂದು ಜೋರಾದ ಪೆಟ್ಟಿಗೆ ಮುಳ್ಳು ಗೆರೆ ತಪ್ಪಿ ಹಾರುವ ಅಪಾಯವಿದ್ದುದರಿಂದ ಡ್ರಮ್ಮರ್‌ಗೆ ಬಹಳ ಸಲ ಉಳಿಯುತ್ತಿದ್ದುದು ಮರದ ತುಂಡು, ದನದ ಗಂಟೆ, ಸಿಂಬಲ್ ಅಂಚು ಇಷ್ಟೇ. ಹಾರ್ನು ಸುಮಾರು 250ರಿಂದ 2500 ಹರ್ಟ್ಜ್ ವರೆಗಿನ ಸದ್ದನ್ನು ಹಿಡಿಯುತ್ತಿತ್ತು. ಅದರ ಕೆಳಗಿನ ಮೇಲಿನ ಲೋಕ ಕೋಣೆಯಲ್ಲೇ ಉಳಿಯುತ್ತಿತ್ತು.

ಕಛೇರಿ ಕೇಳುತ್ತ ಬೆಳೆದ ನನ್ನ ಕಿವಿಗೆ ಈ ಪ್ಲೇಟುಗಳಲ್ಲಿ ಮೊದಲು ಕಂಡ ಕೊರತೆ ಇದೇ. ಮೃದಂಗ ಕೇಳಿಸದ ಕಛೇರಿಯನ್ನು ನಾನು ಊಹಿಸಿಕೊಳ್ಳಲಾರೆ. ಇಲ್ಲಿ ಕುಣಿತಕ್ಕೆಂದೇ ಹುಟ್ಟಿದ ಸಂಗೀತ, ಅದರ ಲಯವಾದ್ಯವೇ ಮಾಯ. ಟಕಟಕ ಎನ್ನುವ ಆ ಒಣ ಸದ್ದನ್ನು ಹಳೆಯ ಜಾಝ್‌ನ ಗುಣವೆಂದೇ ಎಷ್ಟೋ ಜನ ತಿಳಿದಿದ್ದಾರೆ. ನಿಜಕ್ಕೂ ಅದು ಹಾರ್ನಿನ ಗುಣ.

ಒಂದು ಕೋಣೆಯನ್ನು ಹತ್ತಿರದಿಂದ ನೋಡೋಣ. ಇಂಡಿಯಾನಾ ರಾಜ್ಯದ ರಿಚ್ಮಂಡ್ ಊರು. ಅಲ್ಲಿನ ಸ್ಟಾರ್ ಪಿಯಾನೊ ಕಂಪನಿ ಜೆನೆಟ್ ಎಂಬ ಹೆಸರಿನಲ್ಲಿ ಪ್ಲೇಟುಗಳನ್ನೂ ತಯಾರಿಸುತ್ತಿತ್ತು. ಸ್ಟುಡಿಯೋ ಇದ್ದದ್ದು ವೈಟ್‌ವಾಟರ್ ನದಿಯ ಕಣಿವೆಯಲ್ಲಿ, ಕಾರ್ಖಾನೆಯ ಆವರಣದೊಳಗೆ, ರೈಲು ಹಳಿಯ ಮಗ್ಗುಲಲ್ಲೇ. ಹೊರಗಿನ ಸದ್ದು ಬಾರದಿರಲೆಂದು ಗೋಡೆಗಳ ಸಂದಿಗೆ ಮರದ ಹೊಟ್ಟು ತುಂಬಿದ್ದರು, ಒಳಗೆ ದಪ್ಪ ಪರದೆಗಳನ್ನು ಇಳಿಬಿಟ್ಟಿದ್ದರು. ಆದರೂ ರೈಲು ಬಂತೆಂದರೆ ಕೆಲಸ ನಿಲ್ಲಿಸಬೇಕು; ನಡುವೆ ಬಂದುಬಿಟ್ಟರೆ ಆ ಮೇಣ ದಂಡ. 1923ರ ಏಪ್ರಿಲ್ 5ರಂದು ಕಿಂಗ್ ಆಲಿವರ್‌ನ ಕ್ರಿಯೋಲ್ ಜಾಝ್ ಬ್ಯಾಂಡ್ ಶಿಕಾಗೋದಿಂದ ಅಲ್ಲಿಗೆ ಬಂತು. ಎರಡು ದಿನ ನುಡಿಸಿತು. ಯಂತ್ರದ ಹಿಂದೆ ಇದ್ದವನು ಎಜ್ರಾ ವಿಕಮೈಯರ್. ಎರಡನೆಯ ಕಾರ್ನೆಟ್, ಅಂದರೆ ಟ್ರಂಪೆಟ್ಟಿನಂಥ ಗಿಡ್ಡ ಕಹಳೆ, ಹಿಡಿದಿದ್ದವನು ಇಪ್ಪತ್ತೊಂದರ ಹರೆಯದ ಲೂಯಿ ಆರ್ಮ್‌ಸ್ಟ್ರಾಂಗ್.

ಆರ್ಮ್‌ಸ್ಟ್ರಾಂಗ್ ಊದಿದರೆ ಆಲಿವರ್ ಕೇಳಿಸುತ್ತಲೇ ಇರಲಿಲ್ಲವಂತೆ. ಅದಕ್ಕೇ ಹುಡುಗನನ್ನು ಎಲ್ಲರಿಂದ ಹಿಂದಕ್ಕೆ, ಮೂಲೆಗೆ ಕಳಿಸಿದರು. ಅಲ್ಲಿ ಆತ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ ಎಂದು ಪಿಯಾನೊ ನುಡಿಸುತ್ತಿದ್ದ ಲಿಲ್ ಹಾರ್ಡಿನ್ ಮುಂದೆ ನೆನೆದಿದ್ದಾರೆ. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಹೇಳಬೇಕಾದದ್ದೇ. ನನ್ನ ಮನಸ್ಸು ಮಾತ್ರ ಬಿಲ್ ಜಾನ್ಸನ್ ಕಡೆಗೆ ಹೋಗುತ್ತದೆ. ಆತ ತಂತಿಯ ಬಾಸ್ ನುಡಿಸುವವನು, ತಂಡದಲ್ಲಿ ಹಿರಿಯ. ಹಾರ್ನಿಗೆ ಬಾಸ್ ಹಿಡಿಯದೆಂದು ಆ ದಿನ ಆತನ ಕೈಗೆ ಬ್ಯಾಂಜೋ ಬಂತು. ಡ್ರಮ್ಮರ್ ಬೇಬಿ ಡಾಡ್ಸ್‌ಗೆ ಮರದ ತುಂಡುಗಳು. ಇಡೀ ತಂಡವನ್ನು ಹೊತ್ತು ನಡೆಸುತ್ತಿದ್ದ ಇಬ್ಬರೂ ತಮ್ಮ ವಾದ್ಯ ಕೆಳಗಿಟ್ಟು, ಆ ಕೋಣೆ ಒಪ್ಪುವುದನ್ನು ಎತ್ತಿಕೊಂಡರು. ಎರಡನೆಯ ದಿನದ ಡಿಪ್ಪರ್‌ಮೌತ್ ಬ್ಲೂಸ್‌ನಲ್ಲಿ ಬಿಲ್ ಜಾನ್ಸನ್‌ನ ದನಿ ಕೇಳುತ್ತದೆ, ಬಾಸ್ ತಂತಿಯದಲ್ಲ, ಗಂಟಲಿನದು: ‘ಓ, ಪ್ಲೇ ದಟ್ ಥಿಂಗ್!’

ಆ ಊರಿನ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಆ ವರ್ಷಗಳಲ್ಲಿ ಇಂಡಿಯಾನಾ ತುಂಬ ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಸಂಘಟನೆಯಾದ ಕು ಕ್ಲಕ್ಸ್ ಕ್ಲಾನ್ ಹಬ್ಬಿತ್ತು. ಕಪ್ಪು ಕಲಾವಿದರ ಈ ಸಂಗೀತವನ್ನು ಲೋಕಕ್ಕೆ ಕೊಟ್ಟ ಇದೇ ಕಾರ್ಖಾನೆ, ದುಡ್ಡು ಕೊಟ್ಟವರಿಗೆ ಪ್ಲೇಟು ಒತ್ತಿಕೊಡುವ ಲೆಕ್ಕದಲ್ಲಿ ಕ್ಲಾನ್‌ನವರ ಹಾಡುಗಳನ್ನೂ ಒತ್ತಿಕೊಟ್ಟಿತು. 1923ರ ಜುಲೈಯಲ್ಲಿ ಬಿಳಿಯರ ತಂಡವಾದ ನ್ಯೂ ಆರ್ಲಿಯನ್ಸ್ ರಿದಮ್ ಕಿಂಗ್ಸ್ ಜೊತೆ ಜೆಲ್ಲಿ ರೋಲ್ ಮಾರ್ಟನ್ ಅಲ್ಲಿ ಪಿಯಾನೊ ನುಡಿಸಿದರು. ಕಪ್ಪು, ಬಿಳಿ ಕಲಾವಿದರು ಒಟ್ಟಿಗೆ ಕೂತು ಜಾಝ್ ಮುದ್ರಿಸಿದ ತೀರ ಮೊದಲಿನ ಪ್ರಸಂಗಗಳಲ್ಲಿ ಇದೂ ಒಂದು.

ಮೊದಲಲ್ಲಿ ಹೇಳಿದ ಹೆಸರುಗಳ ಸಂತೆ ಸೇರಿದ್ದು ಹೇಗೆ ಎಂಬುದಕ್ಕೂ ಜೆನೆಟ್‌ಗೂ ಸಂಬಂಧವಿದೆ. ಪ್ಲೇಟಿನ ಗೆರೆಯಲ್ಲಿ ಮುಳ್ಳು ಅಡ್ಡಡ್ಡ ಓಲಾಡುವಂತೆ ಕೊರೆಯುವ ವಿಧಾನ ತನ್ನ ಸ್ವತ್ತು ಎಂದು ವಿಕ್ಟರ್ ಕಂಪನಿ ಹಿಡಿದು ಕೂತಿತ್ತು. ಜೆನೆಟ್ ಹಾಗೆಯೇ ಕೊರೆದು ಮಾರಿತು, ವಿಕ್ಟರ್ ಕೋರ್ಟಿಗೆ ಹೋಯಿತು, ಸೋತಿತು. 1922ರ ಹೊತ್ತಿಗೆ ಬಾಗಿಲು ಪೂರ್ತಿ ತೆರೆದು ಸಣ್ಣ ಕಂಪನಿಗಳು ನುಗ್ಗಿದವು. ವಿಕ್ಟರ್ ಪ್ಲೇಟಿಗೆ 75 ಸೆಂಟು. ಇವು 50ಕ್ಕೆ, ಇನ್ನೂ ಕಡಿಮೆಗೆ, ಚಿಲ್ಲರೆ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತಿದ್ದವು. ಪ್ಲಾಜಾ ಎಂಬ ಒಂದೇ ಕಂಪನಿಗೆ ಬ್ಯಾನರ್, ರೀಗಲ್, ಡಾಮಿನೊ ಎಂದು ಮೂರು ಲೇಬಲ್. ಒಂದು ಸಲ ಮುದ್ರಿಸಿದ್ದೇ ಮೂರರಲ್ಲೂ, ಹಲವು ಸಲ ಮೂರು ತಂಡಗಳ ಹೆಸರಿನಲ್ಲಿ ಹೊರಬರುತ್ತಿತ್ತು. ಒಂದು ಕಂಪನಿಯೊಡನೆ ಕರಾರು ಮಾಡಿಕೊಂಡ ತಂಡಕ್ಕೂ ಬೇರೆಲ್ಲೋ ನುಡಿಸಿ ನಾಲ್ಕು ಕಾಸು ಕಾಣಲು ಸುಳ್ಳು ಹೆಸರು ಬೇಕಾಗಿತ್ತು. ಡ್ಯೂಕ್ ಎಲಿಂಗ್ಟನ್ ಕೂಡ ಬ್ರನ್ಸ್‌ವಿಕ್‌ಗೆ ಜಂಗಲ್ ಬ್ಯಾಂಡ್, ಓಕೆ ಎಂಬ ಕಂಪನಿಗೆ ಹಾರ್ಲೆಮ್ ಫುಟ್‌ವಾರ್ಮರ್ಸ್.

ನ್ಯೂಯಾರ್ಕಿನಲ್ಲಿ ಈ ವ್ಯಾಪಾರದ ದೊಡ್ಡ ಗುತ್ತಿಗೆದಾರರು ಸ್ಯಾಮ್ ಲ್ಯಾನಿನ್, ಬೆನ್ ಸೆಲ್ವಿನ್ ಮೊದಲಾದವರು. ಅವರ ಕೆಲಸ ತಂಡ ಕೂಡಿಸುವುದು. ಸೆಲ್ವಿನ್ ಮುದ್ರಿಸಿದ ಹಾಡುಗಳು ಸಾವಿರಗಟ್ಟಲೆ, ಬಳಸಿದ ಹೆಸರುಗಳು ಹತ್ತಾರು. ಲ್ಯಾನಿನ್ ಕರೆಸಿಕೊಳ್ಳುತ್ತಿದ್ದವರಲ್ಲಿ ಕಾರ್ನೆಟ್ಟಿನ ರೆಡ್ ನಿಕೋಲ್ಸ್, ಟ್ರಾಂಬೋನಿನ ಮಿಫ್ ಮೋಲ್, ಡಾರ್ಸಿ ಸೋದರರು, ಟ್ಯೂಬಾದ ಜೋ ಟಾರ್ಟೋ ಇದ್ದರು. ಬೇಕಾದದ್ದು ಒಂದೇ ಅರ್ಹತೆ: ಎಂದೂ ನೋಡದ ಕಾಗದವನ್ನು ಮುಂದಿಟ್ಟರೆ ತಪ್ಪಿಲ್ಲದೆ ನುಡಿಸಬೇಕು. ತಪ್ಪು ತಿದ್ದುವ ದಾರಿಯೇ ಇರಲಿಲ್ಲ. ಕೊರೆದ ಮೇಣವನ್ನು ಒಮ್ಮೆ ನುಡಿಸಿ ಕೇಳಿದರೆ ಗೆರೆ ಕೆಟ್ಟುಹೋಗುತ್ತದೆ, ಮತ್ತೆ ಅದರಿಂದ ಅಚ್ಚು ತೆಗೆಯಲಾಗದು. ಮೂರು ನಿಮಿಷದ ಕೊನೆಯ ಬಾರ್‌ನಲ್ಲಿ ಒಬ್ಬ ಎಡವಿದರೂ ಹೊಸ ಮೇಣ, ಮೊದಲಿಂದ ಶುರು. ದುಡ್ಡು ಆ ದಿನದ ಕೂಲಿ ಮಾತ್ರ. ಪ್ಲೇಟು ಲಕ್ಷ ಮಾರಿದರೂ ನುಡಿಸಿದವನಿಗೆ ಮತ್ತೇನೂ ಬರುತ್ತಿರಲಿಲ್ಲ.

ಇಷ್ಟು ಬಿಗಿಯಲ್ಲಿ ಆ ಎಂಟು ಬಾರ್ ಹೇಗೆ ಸಿಕ್ಕಿತು ಎಂದು ನನಗೆ ಇನ್ನೂ ಬೆರಗು. ಕುಣಿಯುವ ಹುಡುಗ ಹುಡುಗಿಯರಿಗೆ ಸ್ವಲ್ಪ ‘ಹಾಟ್’, ಅಂದರೆ ಸ್ಥಳದಲ್ಲೇ ಹುಟ್ಟುವ ಬಿಸಿ ಜಾಝ್, ಇರಲಿ ಎಂದು ಕಂಪನಿಗಳು ಬಯಸಿದ್ದು ನಿಜ. ಆದರೆ ಅದನ್ನು ಬರೆದು ಕೊಡಲು ಅವರಿಂದ ಆಗುತ್ತಿರಲಿಲ್ಲ. ಕಾಗದದ ಮೇಲೆ ಅಲ್ಲೊಂದು ಜಾಗ ಬಿಟ್ಟು, ನುಡಿಸುವವನ ಮೇಲೆ ಭಾರ ಹಾಕುತ್ತಿದ್ದರು. ಕ್ಯಾಲಿಫೋರ್ನಿಯಾ ರ‍್ಯಾಂಬ್ಲರ್ಸ್‌ನ ಆಡ್ರಿಯನ್ ರೊಲ್ಲಿನಿ ಆ ಜಾಗದಲ್ಲಿ ಮಾಡಿದ್ದನ್ನು ಕೇಳಬೇಕು. ಆತನದು ಆಳೆತ್ತರದ ಬಾಸ್ ಸ್ಯಾಕ್ಸೊಫೋನ್. ಸ್ಟುಡಿಯೋದಲ್ಲಿ ತಂತಿಯ ಬಾಸ್‌ನ ಬದಲಿಗೆ ಬಂದ ವಾದ್ಯ. ಆತ ಅದನ್ನು ಬದಲಿಯಾಗಿ ಉಳಿಸಲಿಲ್ಲ. ಕೆಳಗೆ ಒಂದನೆಯ, ಮೂರನೆಯ ಪೆಟ್ಟಿಗೆ ತಾಳ ಕಟ್ಟಿಕೊಡುತ್ತಿದ್ದವನು ಸರದಿ ಬಂದೊಡನೆ ಪಿಟೀಲಿನ ಹಗುರದಲ್ಲಿ ಮೇಲಕ್ಕೇರಿ, ಒಂದು ಮುರುಕು ಹಾಕಿ, ತಾಳ ತಪ್ಪದೆ ಕೆಳಗಿಳಿದು ಮತ್ತೆ ತನ್ನ ಕೂಲಿಗೆ ನಿಲ್ಲುತ್ತಾನೆ. ಲೇಬಲ್ಲಿನ ಮೇಲೆ ಯಾವ ಹೆಸರಾದರೂ ಇರಲಿ, ಎರಡು ಬಾರ್ ಕೇಳಿದರೆ ಸಾಕು, ಇವನೇ ಎಂದು ಗೊತ್ತಾಗುತ್ತದೆ.

ಸುಳ್ಳು ಹೆಸರುಗಳೆಲ್ಲ ನಿರಪಾಯದವೂ ಅಲ್ಲ. ಲ್ಯಾಡ್ಸ್ ಬ್ಲ್ಯಾಕ್ ಏಸಸ್ ಎಂಬ ತಂಡ ಕೊಳ್ಳುವವರಿಗೆ ಕಪ್ಪು ಕಲಾವಿದರ ತಂಡವೆಂದು ಅನಿಸಬೇಕು, ಹೆಸರಿಟ್ಟದ್ದೇ ಹಾಗೆ. ನುಡಿಸಿದವರು ಫಿಲ್ ನೆಪೋಲಿಯನ್ ಮತ್ತು ಗೆಳೆಯರು, ನ್ಯೂಯಾರ್ಕಿನ ಬಿಳಿಯರು. ಅವರೇ ಬೇರೆ ಕಡೆ ಒರಿಜಿನಲ್ ಮೆಂಫಿಸ್ ಫೈವ್. 1920ರಲ್ಲಿ ಮೇಮಿ ಸ್ಮಿತ್ ಹಾಡಿದ ಕ್ರೇಜಿ ಬ್ಲೂಸ್ ಭರ್ಜರಿಯಾಗಿ ಮಾರಾಟವಾದ ಮೇಲೆ ಕಪ್ಪು ದನಿಗೆ ಬೆಲೆ ಇದೆಯೆಂದು ಕಂಪನಿಗಳಿಗೆ ತಿಳಿದಿತ್ತು. ಅದರ ಇನ್ನೊಂದು ಮುಖ ಇನ್ನೂ ಕಹಿ. ಫ್ಲೆಚರ್ ಹೆಂಡರ್ಸನ್‌ನ ತಂಡ ಬ್ರಾಡ್‌ವೇಯ ರೋಸ್‌ಲ್ಯಾಂಡ್ ಬಾಲ್‌ರೂಮಿನಲ್ಲಿ ಬಿಳಿಯರ ಕುಣಿತಕ್ಕೆ ನುಡಿಸುತ್ತಿತ್ತು. ಅಲ್ಲಿ ಅವರ ವಾಲ್ಟ್ಸ್‌ಗಳಿಗೆ, ಮೂರು ಎಣಿಕೆಯ ನಯವಾದ ಕುಣಿತದ ಹಾಡುಗಳಿಗೆ, ಬಹಳ ಹೆಸರಿತ್ತು ಎಂದು ತಂಡದಲ್ಲಿದ್ದವರೇ ಹೇಳಿದ್ದಾರೆ. ಕಪ್ಪು ತಂಡದಿಂದ ಕಂಪನಿಗಳಿಗೆ ಬೇಕಾಗಿದ್ದುದು ಬ್ಲೂಸ್, ಹಾಟ್. ಆ ವಾಲ್ಟ್ಸ್‌ಗಳು ಪ್ಲೇಟಿಗೆ ಏರಲಿಲ್ಲ. ಹೀಗೆ ಪ್ಲೇಟುಗಳಿಂದ ಮಾತ್ರ ಬರೆದ ಚರಿತ್ರೆಯಲ್ಲಿ ಅಂಗಡಿಯವನ ಆಯ್ಕೆಯೂ ಕಲೆಯ ಹೆಸರಲ್ಲಿ ಸೇರಿಹೋಗಿದೆ.

ಇಲ್ಲಿ ನನಗೆ ಗೌಹರ್ ಜಾನ್ ನೆನಪಾಗುತ್ತಾರೆ. 1902ರಲ್ಲಿ ಕಲ್ಕತ್ತೆಯಲ್ಲಿ ಇಂಥದೇ ಹಾರ್ನಿನ ಮುಂದೆ ಹಾಡಿ, ಮುಗಿದೊಡನೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಗಟ್ಟಿಯಾಗಿ ಹೇಳಿದ ಗಾಯಕಿ. ಪ್ಲೇಟು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಯಾರ ಹಾಡೆಂದು ಗೊತ್ತಾಗಲಿ ಎಂಬುದಷ್ಟೇ ಉದ್ದೇಶ. ಆದರೂ ಆ ದನಿಯಲ್ಲಿರುವ ಠೀವಿ ಬೇರೆ. ಮೈಸೂರು ಆಸ್ಥಾನದ ಆಶ್ರಯದಲ್ಲಿ ಕೊನೆಯ ದಿನಗಳನ್ನು ಕಳೆದು 1930ರಲ್ಲಿ ಅವರು ಮೈಸೂರಿನಲ್ಲೇ ತೀರಿಕೊಂಡರು. ಸಿರಿ ಕರಗಿದರೂ ಹೆಸರು ಮೇಣದಲ್ಲಿ ಉಳಿಯಿತು. ನ್ಯೂಯಾರ್ಕಿನ ಆ ಕೂಲಿ ವಾದಕರಿಗೆ ಹಾಗೆ ಹೇಳಿಕೊಳ್ಳುವ ಅವಕಾಶವನ್ನು ಯಾರೂ ಕೊಡಲಿಲ್ಲ.

1924ರ ಅಕ್ಟೋಬರಿನಲ್ಲಿ ಹೆಂಡರ್ಸನ್ ತಂಡಕ್ಕೆ ಆರ್ಮ್‌ಸ್ಟ್ರಾಂಗ್ ಸೇರಿದರು. ಆ ತಿಂಗಳೇ ಪಾಥೆ ಕಂಪನಿಗೆ ಶಾಂಘೈ ಷಫಲ್ ಮುದ್ರಣವಾಯಿತು. ಹಾಡು ಸಾಧಾರಣ, ಚೀನಾದ ಸೋಗು ಹಾಕಿದ ಆ ಕಾಲದ ಫ್ಯಾಷನ್. ತಂಡ ಅಚ್ಚುಕಟ್ಟು, ಸ್ವಲ್ಪ ಬಿಗಿ. ಆರ್ಮ್‌ಸ್ಟ್ರಾಂಗ್ ಸರದಿ ಬಂದಾಗ ಆತ ಹೊಸ ಸ್ವರಗಳನ್ನು ಹುಡುಕಿ ಹೋಗುವುದಿಲ್ಲ. ಒಂದೇ ಸ್ವರ ಹಿಡಿದು, ತಾಳದ ಮೇಲೆ ಅದನ್ನು ಮತ್ತೆ ಮತ್ತೆ ಇಡುತ್ತಾನೆ, ಒಮ್ಮೆ ಪೆಟ್ಟಿನ ಮೇಲೆ, ಒಮ್ಮೆ ಪೆಟ್ಟು ಸರಿದ ಮೇಲೆ. ಲಯದಲ್ಲಿ ಪಳಗಿದ ನಮ್ಮ ಕೇಳುಗರಿಗೆ ಇದರ ರುಚಿ ಬಿಡಿಸಿ ಹೇಳಬೇಕಿಲ್ಲ. ಜಾಝ್ ಲಯದ ತೂಗಾಟವಾದ ಸ್ವಿಂಗ್ ಎಂದರೇನು ಎಂದು ಉದ್ದುದ್ದ ಪ್ರಬಂಧ ಬರೆದವರಿದ್ದಾರೆ. ನನಗಂತೂ ಅದು ಅರ್ಥವಾದದ್ದು ಈ ಒಂದು ಸ್ವರದಲ್ಲಿ.

1925ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಮೈಕ್ ಬಂತು. ವಿಕ್ಟರ್, ಕೊಲಂಬಿಯಾ ಎರಡೂ ಅದನ್ನು ತೆಗೆದುಕೊಂಡವು. ಹಿಡಿಯುವ ಸದ್ದಿನ ಹರವು ಸುಮಾರು 60ರಿಂದ 6000 ಹರ್ಟ್ಜ್‌ಗೆ ಹಿಗ್ಗಿತು. ವಾದಕರು ಹಾರ್ನಿಗೆ ಮುತ್ತಿಕೊಳ್ಳದೆ ಬಾಲ್‌ರೂಮಿನಲ್ಲಿ ಕೂರುವ ಹಾಗೆಯೇ ಕೂತು ನುಡಿಸಿದರು, ಪಿಸುದನಿಯಲ್ಲಿ ಹಾಡುವವರಿಗೆ ಕಾಲ ಬಂತು. ಎಲ್ಲ ಕಡೆಯೂ ಒಮ್ಮೆಲೇ ಅಲ್ಲ. ಕೊಲಂಬಿಯಾ ತನ್ನ ಅಗ್ಗದ ಲೇಬಲ್ ಹಾರ್ಮನಿಗೆ ಹಳೆಯ ಹಾರ್ನಿನಲ್ಲೇ ವರ್ಷಗಟ್ಟಲೆ ಮುದ್ರಿಸಿತು. ಇದ್ದ ಯಂತ್ರ ದಂಡವಾಗಬಾರದು ಎಂಬ ಲೆಕ್ಕ. ಹೆಂಡರ್ಸನ್ ತಂಡವೇ ಕೊಲಂಬಿಯಾದಲ್ಲಿ ತನ್ನ ಹೆಸರಿನಲ್ಲಿ ಮೈಕ್ ಮುಂದೆ, ಹಾರ್ಮನಿಯಲ್ಲಿ ಡಿಕ್ಸಿ ಸ್ಟಾಂಪರ್ಸ್ ಆಗಿ ಹಾರ್ನಿನ ಮುಂದೆ. ಎರಡನ್ನೂ ಒಂದಾದ ಮೇಲೊಂದು ಕೇಳಿದರೆ ಒಂದೇ ತಂಡಕ್ಕೆ ಎರಡು ದೇಹ ಇದ್ದಂತೆ ತೋರುತ್ತದೆ.

ಆ ಪ್ಲೇಟುಗಳ ಮೈಯಲ್ಲಿ ನಮ್ಮ ನೆಲದ ವಸ್ತುವೂ ಇದೆ. ಅವುಗಳನ್ನು ಹಿಡಿದಿಟ್ಟ ಅಂಟು ಅರಗು. ಆಗ ಜಗತ್ತಿಗೆ ಅರಗು ಹೋಗುತ್ತಿದ್ದುದು ಬಹುಪಾಲು ಭಾರತದಿಂದ. ಛೋಟಾ ನಾಗಪುರದ ಕಡೆಯ ಕಾಡುಗಳಲ್ಲಿ ಮುತ್ತುಗ, ಬೋರೆಯಂಥ ಮರಗಳ ಕೊಂಬೆಗೆ ಹತ್ತಿದ ಅರಗನ್ನು ಕೆರೆದು ತೆಗೆದವರ ಹೆಸರೂ ಯಾವ ಲೇಬಲ್ಲಿನ ಮೇಲಿಲ್ಲ. ಅದಕ್ಕೆ ಕಲ್ಲಿನ ಪುಡಿ ಬೆರೆಸುತ್ತಿದ್ದರು, ಗಡುಸಾಗಲಿ ಎಂದು, ಉಕ್ಕಿನ ಮುಳ್ಳು ಸವೆದು ಗೆರೆಗೆ ಹೊಂದಿಕೊಳ್ಳಲಿ ಎಂದು. ನಾವಿಂದು ಕೇಳುವ ಸರಸರ ಸದ್ದು ಹೆಚ್ಚಾಗಿ ಆ ಪುಡಿಯದು.

1927ರಲ್ಲಿ ಅಮೆರಿಕದಲ್ಲಿ ಸುಮಾರು 10 ಕೋಟಿ ಪ್ಲೇಟು ಮಾರಿದ್ದವು. ಆರ್ಥಿಕ ಕುಸಿತ, ರೇಡಿಯೋ ಎರಡೂ ಸೇರಿ 1932ಕ್ಕೆ ಅದು 60 ಲಕ್ಷಕ್ಕೆ ಇಳಿಯಿತು. ಬದುಕಿಕೊಂಡ ಸ್ಟುಡಿಯೋ ವಾದಕರು ರೇಡಿಯೋ ಆರ್ಕೆಸ್ಟ್ರಾಗಳಿಗೆ ಹೋದರು. ಯಾರು ಎಲ್ಲಿ ನುಡಿಸಿದರೆಂಬ ಲೆಕ್ಕವನ್ನು ಮುಂದೆ ಹುಡುಕಿದವರು ಅಭಿಮಾನಿಗಳು. ಇಂಗ್ಲೆಂಡಿನ ಬ್ರಯನ್ ರಸ್ಟ್ ಜೀವಮಾನವಿಡೀ ಕಂಪನಿಗಳ ಕಡತ, ಪ್ಲೇಟಿನ ಒಳ ಅಂಚಿನಲ್ಲಿ ಕೊರೆದ ಮ್ಯಾಟ್ರಿಕ್ಸ್ ಸಂಖ್ಯೆ, ಬದುಕಿದ್ದವರ ನೆನಪು ಎಲ್ಲವನ್ನೂ ಕೂಡಿಸಿದರು. ಕಡತ ಕೈಕೊಟ್ಟಲ್ಲಿ ಕಿವಿಯೇ ಸಾಕ್ಷಿ. ಈ ಕಾರ್ನೆಟ್ ರೆಡ್ ನಿಕೋಲ್ಸ್‌ನದೋ ಫಿಲ್ ನೆಪೋಲಿಯನ್‌ನದೋ ಎಂಬ ಜಗಳಗಳು ಇಂದಿಗೂ ನಡೆಯುತ್ತವೆ. ಹತ್ತು ಸೆಕೆಂಡು ಊದಿದವನ ಹೆಸರಿಗಾಗಿ ನೂರು ವರ್ಷದ ಮೇಲೆ ಯಾರೋ ತಲೆಕೆಡಿಸಿಕೊಳ್ಳುವುದು ನನಗೆ ಬಹಳ ದೊಡ್ಡ ಗೌರವವಾಗಿ ಕಾಣುತ್ತದೆ.

1923ರವರೆಗಿನ ಅಮೆರಿಕನ್ ಮುದ್ರಣಗಳು 2024ರ ಜನವರಿಯಿಂದ ಅಲ್ಲಿ ಸಾರ್ವಜನಿಕ ಸ್ವತ್ತು. ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಎಲ್ಲಿಂದ ಶುರುಮಾಡುವುದು ಎಂದು ಕೇಳುವವರಿಗೆ ನಾನು ಎರಡು ಪ್ಲೇಟು ಹೇಳುತ್ತೇನೆ. ಮೊದಲನೆಯದು ರಿಚ್ಮಂಡಿನ ಡಿಪ್ಪರ್‌ಮೌತ್ ಬ್ಲೂಸ್. ಇನ್ನೊಂದು 1928ರಲ್ಲಿ ಕ್ಲಾರಿನೆಟ್ಟಿನ ಜಾನಿ ಡಾಡ್ಸ್ ಮುಂದಾಳಾಗಿ ವಿಕ್ಟರ್‌ನ ಮೈಕ್ ಮುಂದೆ ನುಡಿಸಿದ ಬುಲ್ ಫಿಡಲ್ ಬ್ಲೂಸ್. ಅದರಲ್ಲಿ ಬೇಬಿ ಡಾಡ್ಸ್ ಬಟ್ಟೆ ಒಗೆಯುವ ತಗಡಿನ ಹಲಗೆಯನ್ನು ಬೆರಳಲ್ಲಿ ಕೆರೆದು ಲಯ ಕೊಡುತ್ತಾನೆ. ಬುಲ್ ಫಿಡಲ್ ಎಂದರೆ ತಂತಿಯ ಬಾಸ್, ನುಡಿಸಿದವನು ಬಿಲ್ ಜಾನ್ಸನ್. ಐದು ವರ್ಷದ ಹಿಂದೆ ಬ್ಯಾಂಜೋ ಹಿಡಿದು ನಿಂತಿದ್ದವನ ತಂತಿಗಳು ಇಲ್ಲಿ ಪೂರಾ ಕೇಳುತ್ತವೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡೇ ಕೇಳಿ, ಫೋನಿನ ಸಣ್ಣ ಸ್ಪೀಕರಿಗೂ ಆ ಬಾಸ್ ಹಿಡಿಯುವುದಿಲ್ಲ.